ಬೆದರುವ ಕುದುರೆಗೆ ಹೂವಿನ ಹನಿ ಕೊಟ್ಟರೆ ಧೈರ್ಯ ಬರುತ್ತಾ?

ನಿಮ್ಮ ಪ್ರಶ್ನೆ ಓದಿದೆ. ರೇಸ್ ಬಿಟ್ಟ ಹೆಣ್ಣು ಕುದುರೆ ತಂದಿದ್ದೀರಿ. ಮೈಸೂರಿನ ಪಕ್ಕದ ತೋಟದಲ್ಲಿ ಅದು ಒಂದೇ ಇದೆ. ಪ್ಲಾಸ್ಟಿಕ್ ಹಾಳೆ ಗಾಳಿಗೆ ಪಟಪಟ ಅಂದರೂ ಬೆದರುತ್ತೆ, ಪಟಾಕಿ ಸದ್ದಿಗಂತೂ ಬೇಲಿಗೇ ನುಗ್ಗುತ್ತೆ. ದೀಪಾವಳಿಗೆ ಮುಂಚೆ ಬ್ಯಾಚ್ ಹೂವಿನ ಹನಿ ಶುರು ಮಾಡಲಾ, ಇಲ್ಲ ಅಶ್ವಗಂಧ, ಬಜೆ ತರಹದ್ದು ಏನಾದರೂ ಕೊಡಲಾ ಅಂತ ಕೇಳಿದ್ದೀರಿ.

ನಾನು ಪಶುವೈದ್ಯನಲ್ಲ. ಸವಾರಿ ಶಾಲೆಯೊಂದರ ಲಾಯ ನೋಡಿಕೊಳ್ಳುತ್ತೇನೆ. ರೇಸ್‌ನಿಂದ ಬಂದ ಕುದುರೆಗಳನ್ನು ಪಳಗಿಸುವುದು ನನ್ನ ಕೆಲಸ. ಹನಿಯಿಂದ ಕುದುರೆಗೆ ಕೆಡುಕಿಲ್ಲ, ಅದರೊಳಗಿನ ಹೂವಿನಿಂದ ಒಳ್ಳೆಯದೂ ಆಗುವುದಿಲ್ಲ. ಆದರೆ ಹನಿ ಹಾಕುವ ಮನುಷ್ಯನಿಗೆ ಏನೋ ಆಗುತ್ತೆ, ಅದು ಕುದುರೆಗೂ ಮುಟ್ಟುತ್ತೆ. ಗಿಡಮೂಲಿಕೆಯ ವಿಷಯ ಬೇರೆ. ಅವುಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ. ಹುಷಾರಾಗಿರಬೇಕಾದ್ದು ಅದಕ್ಕೇ.

ಮೊದಲು ಹನಿಯ ವಿಷಯ. ಎಡ್ವರ್ಡ್ ಬ್ಯಾಚ್ ಇಂಗ್ಲೆಂಡಿನ ವೈದ್ಯ. 1930ರಲ್ಲಿ ಲಂಡನ್ನಿನ ಪ್ರಾಕ್ಟೀಸ್ ಬಿಟ್ಟು ಹಳ್ಳಿಗಾಡು ಸುತ್ತಿ, 1936ರಲ್ಲಿ ಸಾಯುವ ಹೊತ್ತಿಗೆ 38 ಔಷಧಿ ಸಿದ್ಧ ಮಾಡಿದ್ದ. ಹೂವನ್ನು ನೀರಿನಲ್ಲಿ ಹಾಕಿ ಬಿಸಿಲಿಗಿಡುವುದು, ಇಲ್ಲವೇ ಕುದಿಸುವುದು, ಆಮೇಲೆ ಆ ನೀರಿನಷ್ಟೇ ಬ್ರಾಂಡಿ ಬೆರೆಸುವುದು. ಇದೇ ಮೂಲ ದ್ರಾವಣ. ಗೊತ್ತಿರುವ ಭಯಕ್ಕೆ ಮಿಮ್ಯುಲಸ್, ಕಾರಣ ಗೊತ್ತಿಲ್ಲದ ಅಂಜಿಕೆಗೆ ಆಸ್ಪೆನ್, ಹೌಹಾರಿದಾಗ ರಾಕ್ ರೋಸ್. ಅಂಗಡಿಯಲ್ಲಿ ಸಿಗುವ ರೆಸ್ಕ್ಯೂ ರೆಮಿಡಿ ಐದು ಔಷಧಿಗಳ ಮಿಶ್ರಣ, ರಾಕ್ ರೋಸ್ ಅದರಲ್ಲೂ ಇದೆ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಮೂಲ ದ್ರಾವಣದ 2 ಹನಿಯನ್ನು 30 ಎಂಎಲ್ ಬ್ರಾಂಡಿಗೆ ಹಾಕಿದರೆ ಅಂಗಡಿಯ ಬಾಟಲಿ. ಅದರಿಂದ 10 ಹನಿ ತೆಗೆದು 15 ಲೀಟರ್ ಬಕೆಟ್ ನೀರಿಗೆ ಹಾಕುತ್ತೀರಿ ಅನ್ನಿ. ಕೊನೆಗೆ ಉಳಿಯುವುದು ಎರಡು ಕೋಟಿ ಪಾಲಿಗೆ ಹತ್ತಿರ ಹತ್ತಿರ ಒಂದು ಪಾಲು ಹೂನೀರು. ಹೂವಲ್ಲ, ಹೂ ನೆನೆಸಿದ ನೀರು! ನಾನೂರು ಐನೂರು ಕೆಜಿ ತೂಗುವ ಪ್ರಾಣಿಗೆ ಅದರಿಂದ ಏನಾಗಬೇಕು? ಮನುಷ್ಯರ ಮೇಲೆ ನಡೆದ ಪರೀಕ್ಷೆಗಳನ್ನು ಸಂಶೋಧಕ ಎಡ್ಜಾರ್ಡ್ ಅರ್ನ್ಸ್ಟ್ ಒಟ್ಟಿಗೆ ಇಟ್ಟು ನೋಡಿ 2010ರಲ್ಲಿ ಬರೆದದ್ದೂ ಇದೇ: ಸುಳ್ಳು ಔಷಧಿಗಿಂತ, ಅಂದರೆ ಔಷಧಿ ಅಂತ ಹೇಳಿ ಕೊಡುವ ಸಪ್ಪೆ ಹನಿಗಿಂತ, ಇದು ಮೇಲಲ್ಲ.

ಹಾಗಿದ್ದರೆ ‘ಕೊಟ್ಟ ಮೇಲೆ ನಮ್ಮ ಕುದುರೆ ಸುಮ್ಮನಾಯಿತು’ ಅನ್ನುವವರೆಲ್ಲ ಸುಳ್ಳು ಹೇಳುತ್ತಾರಾ? ಇಲ್ಲ. ಸ್ವೀಡನ್ನಿನಲ್ಲಿ ಲಿಂಡಾ ಕೀಲಿಂಗ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿ 2009ರಲ್ಲಿ ಪ್ರಕಟಿಸಿದರು. ಜನ ಕುದುರೆ ಹಿಡಿದುಕೊಂಡು ಅಥವಾ ಹತ್ತಿಕೊಂಡು ಒಂದೇ ದಾರಿಯಲ್ಲಿ ನಾಲ್ಕು ಸಲ ಹೋಗಬೇಕು. ನಾಲ್ಕನೇ ಸಲಕ್ಕೆ ಮುಂಚೆ, ‘ಈಗ ಕುದುರೆ ಎದುರು ಛತ್ರಿ ಬಿಚ್ಚುತ್ತೇವೆ’ ಅಂತ ಅವರಿಗೆ ಹೇಳಿದರು. ಛತ್ರಿ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಯದೂ ಏರಿತು. ಅಲ್ಲಿ ಕುದುರೆಗೆ ಹೆದರಲು ಇದ್ದದ್ದು ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಮನುಷ್ಯ ಮಾತ್ರ.

ನಮ್ಮ ಲಾಯದಲ್ಲೂ ಇದನ್ನು ನೋಡುತ್ತಲೇ ಇರುತ್ತೇನೆ. ಎದುರಿಗೆ ಟ್ರ್ಯಾಕ್ಟರ್ ಬಂತು ಅಂದ ಕೂಡಲೇ ಹೊಸ ಸವಾರ ಲಗಾಮು ಬಿಗಿ ಹಿಡಿಯುತ್ತಾನೆ, ಉಸಿರು ಕಟ್ಟುತ್ತಾನೆ. ಕುದುರೆ ಆಗಲೇ ಕಿವಿ ನಿಮಿರಿಸಿ ಎಲ್ಲಿ ಅಪಾಯ ಅಂತ ಹುಡುಕಲು ಶುರು. ‘ಔಷಧಿ ಹಾಕಿದ್ದೇನೆ, ಇವತ್ತು ಏನೂ ಆಗಲ್ಲ’ ಅಂತ ನಂಬಿದವನ ಕೈ ಸಡಿಲ ಇರುತ್ತೆ. ಬಾಟಲಿ ಈಗಾಗಲೇ ಕೊಂಡಿದ್ದರೆ ಎಸೆಯಬೇಡಿ, ನೀವೇ ನಾಲ್ಕು ಹನಿ ಬಾಯಿಗೆ ಹಾಕಿಕೊಂಡು ಲಾಯಕ್ಕೆ ಹೋಗಿ. ತಮಾಷೆ ಮಾಡುತ್ತಿಲ್ಲ.

ಗಿಡಮೂಲಿಕೆಗೆ ಬರೋಣ. ಎಲ್ಲಕ್ಕಿಂತ ಮೊದಲು ನೆನಪಿಡಬೇಕಾದ್ದು, ಕುದುರೆ ವಾಂತಿ ಮಾಡಲಾರದು. ತಪ್ಪು ವಸ್ತು ಒಳಗೆ ಹೋದರೆ ಅದು ಕರುಳು ಪೂರ್ತಿ ದಾಟಲೇಬೇಕು.

ಸರ್ಪಗಂಧದ ಹೆಸರನ್ನು ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಮುಂಬೈಯ ಡಾ. ರುಸ್ತುಮ್ ವಕೀಲ್ 1949ರಲ್ಲಿ ರಕ್ತದೊತ್ತಡಕ್ಕೆ ಇದು ಕೆಲಸ ಮಾಡುತ್ತೆ ಅಂತ ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದ ಮೇಲೆ ಜಗತ್ತು ಇದರ ಕಡೆ ತಿರುಗಿತು. 1952ರಲ್ಲಿ ಬೇರಿನಿಂದ ರೆಸರ್ಪಿನ್ ಅನ್ನುವ ಅಂಶವನ್ನು ಬೇರ್ಪಡಿಸಿದರು. ಅದು ಕುದುರೆಯನ್ನು ದಿನಗಟ್ಟಲೆ ಮಂಕು ಮಾಡುತ್ತೆ, ಅದು ನಿಜ. ಭೇದಿಯನ್ನೂ ತರಬಹುದು, ಹೊಟ್ಟೆನೋವನ್ನೂ ತರಬಹುದು. ಬೇರಿನ ಪುಡಿಯಲ್ಲಿ ಅದು ಎಷ್ಟಿದೆ ಅಂತ ನಿಮಗೂ ಗೊತ್ತಾಗಲ್ಲ, ಮಾರಿದವನಿಗೂ ಗೊತ್ತಿರಲ್ಲ. ದಯವಿಟ್ಟು ಬೇಡ.

ಗಸಗಸೆಯ ಸಲಹೆಯೂ ಬರಬಹುದು. ನಮಗೆ ಗಸಗಸೆ ಪಾಯಸ ಕುಡಿದರೆ ನಿದ್ದೆ ಎಳೆಯುತ್ತೆ, ಅದಕ್ಕೇ ಕುದುರೆಗೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಮಾರ್ಫಿನ್ ಜಾತಿಯ ವಸ್ತು ಕುದುರೆಯನ್ನು ಮಲಗಿಸುವುದಕ್ಕಿಂತ ಕೆರಳಿಸುವುದೇ ಜಾಸ್ತಿ. ನಿಂತಲ್ಲಿ ನಿಲ್ಲದೆ ಓಡಾಡುತ್ತೆ, ಕರುಳು ಮಾತ್ರ ನಿಧಾನವಾಗುತ್ತೆ. ಇದು ಬಹಳ ಜನಕ್ಕೆ ತಿಳಿದೇ ಇಲ್ಲ.

ಬಜೆಯಲ್ಲಿ ಬೀಟಾ ಆಸರೋನ್ ಅನ್ನುವ ವಿಷಕಾರಿ ಅಂಶ ಇದೆ, ದಿನಾ ಕೊಡುವ ವಸ್ತು ಅಲ್ಲ. ಉಮ್ಮತ್ತಿ ಕುದುರೆಯ ಕರುಳನ್ನೇ ನಿಲ್ಲಿಸಿಬಿಡುತ್ತೆ. ಹೂವಿನ ಔಷಧಿ ಮನೆಯಲ್ಲೇ ಮಾಡೋಣ ಅಂತ ಹೊರಡುವವರಿಗೆ ಇನ್ನೊಂದು ಮಾತು: ಕಣಗಿಲೆಯನ್ನು ಪೂಜೆಗೆ ಮಾತ್ರ ಇಟ್ಟುಕೊಳ್ಳಿ. ಅದರ ಒಂದಷ್ಟು ಎಲೆ ಸಾಕು ಕುದುರೆ ಸಾಯಲು, ಒಣಗಿದರೂ ವಿಷ ಹೋಗುವುದಿಲ್ಲ. ತೋಟದ ಬೇಲಿಯಲ್ಲಿ ಕಣಗಿಲೆ ಇದೆಯಾ ಅಂತ ಇವತ್ತೇ ನೋಡಿ.

ಅಶ್ವಗಂಧವನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ ಕೊಡುವುದಾದರೆ ನನ್ನ ತಕರಾರಿಲ್ಲ, ಪಟಾಕಿ ರಾತ್ರಿಗೆ ಅದನ್ನು ನಂಬಿ ಕೂರಬೇಡಿ ಅಷ್ಟೆ. ವಲೇರಿಯನ್ ಬೇರು, ಅಂದರೆ ನಮ್ಮ ತಗರದ ಬಂಧು, ಮತ್ತು ರೆಸರ್ಪಿನ್ ಎರಡೂ ಅಂತರರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟದ ನಿಷೇಧಿತ ಪಟ್ಟಿಯಲ್ಲಿ ಬರುತ್ತವೆ. ಮುಂದೆ ಸ್ಪರ್ಧೆಗೆ ಇಳಿಯುವ ಆಸೆ ಇದ್ದರೆ ತಲೆಯಲ್ಲಿರಲಿ.

ಒಂದೇ ಒಂದಕ್ಕೆ ನಾನು ಅರ್ಧ ಅಂಕ ಕೊಡುತ್ತೇನೆ, ಲ್ಯಾವೆಂಡರ್ ವಾಸನೆಗೆ. ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಕುದುರೆಗಳಿಗೆ ಮೂಸಿಸಿ ಎದೆಬಡಿತ ಅಳೆದರು. ಮೂಸುತ್ತಿರುವಷ್ಟು ಹೊತ್ತು ಮೈ ಸಡಿಲವಾದ ಲಕ್ಷಣ ಕಂಡಿತು, ತೆಗೆದ ಕೂಡಲೇ ಹೋಯಿತು. ಲಾಳ ಹೊಡೆಸುವಾಗ ಮೂಗಿನ ಹತ್ತಿರ ಹಿಡಿಯಲು ಪರವಾಗಿಲ್ಲ. ತೈಲವನ್ನು ಮೈಗೆ ಹಚ್ಚಬೇಡಿ, ತಿನ್ನಿಸಬೇಡಿ.

ಇನ್ನು ನಿಮ್ಮ ಕುದುರೆ. ನಾನಾಗಿದ್ದರೆ ಮೊದಲು ಪಶುವೈದ್ಯರನ್ನು ಕರೆಸಿ ಕಣ್ಣು, ಹಲ್ಲು, ಬೆನ್ನು ನೋಡಿಸುತ್ತಿದ್ದೆ. ಒಂದು ಕಣ್ಣು ಮಂಜಾಗಿದ್ದರೆ ಆ ಕಡೆ ಹಾರಿದ್ದೆಲ್ಲ ದೆವ್ವವಾಗಿಯೇ ಕಾಣುತ್ತೆ. ರೇಸ್ ಕುದುರೆಗಳಲ್ಲಿ ಹೊಟ್ಟೆಹುಣ್ಣು ತುಂಬಾ ಸಾಮಾನ್ಯ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಸುರಿಯುತ್ತಲೇ ಇರುತ್ತೆ. ಹುಲ್ಲಿಲ್ಲದೆ ಹೊಟ್ಟೆ ಖಾಲಿ ಬಿಟ್ಟರೆ ಉರಿ, ಉರಿಗೆ ಸಿಡುಕು. ಓಟ್ಸ್, ಹುರುಳಿ ಕಡಿಮೆ ಮಾಡಿ. ಒಣಹುಲ್ಲು ಯಾವಾಗಲೂ ಎದುರಿಗಿರಲಿ.

ಎರಡನೆಯದು, ಜೊತೆ. ಕುದುರೆ ಹಿಂಡಿನ ಪ್ರಾಣಿ, ಒಂಟಿಯಾಗಿ ಇಟ್ಟರೆ ಇಡೀ ರಾತ್ರಿ ಅದೇ ಕಾವಲು ಕಾಯಬೇಕು. ಹೆದರದ ಒಂದು ಮುದಿ ಕುದುರೆ ಪಕ್ಕದಲ್ಲಿದ್ದರೆ ಯಾವ ಹನಿಗಿಂತಲೂ ಮೇಲು. ಸಿಗಲಿಲ್ಲವಾ, ಒಂದು ಆಡು ತಂದು ಕಟ್ಟಿ. ಏನೂ ಇಲ್ಲದ್ದಕ್ಕಿಂತ ವಾಸಿ.

ಮೂರನೆಯದು, ತಾಲೀಮು. ನೀವು ಮೈಸೂರಿನವರೇ, ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಮಾಡಿಸುವುದನ್ನು ನೋಡಿರುತ್ತೀರಿ. ಮೊದಲ ದಿನ ಬೆದರಿದವು ಆಮೇಲೆ ಆಮೇಲೆ ಕಿವಿಯಷ್ಟೇ ಆಡಿಸುತ್ತವೆ. ನಿಮಗೆ ತೋಪು ಬೇಡ. ಮೊಬೈಲಿನಲ್ಲಿ ಪಟಾಕಿ ಸದ್ದು ಹಾಕಿ, ಕೇಳಿಯೂ ಕೇಳದ ಹಾಗೆ ಸಣ್ಣಗೆ, ಅದು ಹುಲ್ಲು ತಿನ್ನುವ ಹೊತ್ತಿನಲ್ಲಿ. ತಿನ್ನುವುದು ನಿಲ್ಲಿಸಿತಾ, ಸದ್ದು ಜಾಸ್ತಿಯಾಯಿತು ಅಂತ ಅರ್ಥ. ಕಡಿಮೆ ಮಾಡಿ. ಪ್ಲಾಸ್ಟಿಕ್ ಹಾಳೆಯನ್ನು ಕುದುರೆಯ ಕಡೆಗೆ ತರಬೇಡಿ. ಒಬ್ಬರು ಅದನ್ನು ಎಳೆದುಕೊಂಡು ಮುಂದೆ ಹೋಗಲಿ, ಕುದುರೆ ದೂರದಿಂದ ಹಿಂಬಾಲಿಸಲಿ. ತನ್ನಿಂದ ಓಡಿ ಹೋಗುತ್ತಿರುವುದಕ್ಕೆ ಅದು ಅಷ್ಟು ಹೆದರುವುದಿಲ್ಲ.

ಇದು ನನ್ನ ಅನುಭವವಷ್ಟೇ ಅಲ್ಲ. ಡೆನ್ಮಾರ್ಕಿನ ಯಾನ್ನೆ ಕ್ರಿಸ್ಟೆನ್ಸನ್ ಮತ್ತು ತಂಡ 2006ರಲ್ಲಿ ಎರಡು ವರ್ಷದ 27 ಗಂಡು ಕುದುರೆಗಳ ಮೇಲೆ ಬಿಳಿ ನೈಲಾನ್ ಚೀಲ ಹಿಡಿದು ಮೂರು ವಿಧಾನ ಹೋಲಿಸಿ ನೋಡಿದರು. ಹಂತ ಹಂತವಾಗಿ ಪರಿಚಯಿಸಿದ ಗುಂಪಿನಲ್ಲಿ ಎಲ್ಲವೂ ಒಗ್ಗಿಕೊಂಡವು. ಒಮ್ಮೆಲೇ ಪೂರ್ತಿ ಚೀಲ ತೋರಿಸಿದ ಗುಂಪಿನಲ್ಲಿ ಕೆಲವು ಒಗ್ಗಲೇ ಇಲ್ಲ.

ನಡುನಡುವೆ ಕತ್ತಿನ ಬುಡದಲ್ಲಿ, ಹೆಗಲ ಮೇಲೆ ಉಬ್ಬಿದ ಜಾಗ ಇದೆಯಲ್ಲ, ಅಲ್ಲಿ ಉಗುರಿನಿಂದ ಚೆನ್ನಾಗಿ ಕೆರೆಯಿರಿ. ಕುದುರೆಗಳು ಒಂದನ್ನೊಂದು ಕಚ್ಚಿ ತುರಿಸುವುದು ಅಲ್ಲೇ, ಅಲ್ಲಿ ಕೆರೆದರೆ ಎದೆಬಡಿತ ಇಳಿಯುತ್ತೆ. ಕುತ್ತಿಗೆ ಮೇಲೆ ಪಟಪಟ ತಟ್ಟುವುದರಿಂದ ಏನೂ ಪ್ರಯೋಜನವಿಲ್ಲ, ಅದು ನಮ್ಮ ಸಮಾಧಾನಕ್ಕೆ.

ದೀಪಾವಳಿ ತೀರಾ ಹತ್ತಿರ ಇದ್ದರೆ ತಾಲೀಮಿಗೆ ಹೊತ್ತಿಲ್ಲ. ಆ ಮೂರು ರಾತ್ರಿ ಸವಾರಿ ಬೇಡ, ಬಯಲಲ್ಲಿ ಬಿಡುವುದೂ ಬೇಡ. ಲಾಯದಲ್ಲಿ ದೀಪ ಉರಿಯಲಿ, ರೇಡಿಯೋ ಹಾಡಲಿ, ಹುಲ್ಲು ರಾಶಿ ಇರಲಿ, ಮೊಳೆ, ತಂತಿ, ಬಕೆಟ್ ಹಿಡಿ ಏನೂ ಚಾಚಿಕೊಂಡಿರದಿರಲಿ. ಬೇಲಿಗೆ ನುಗ್ಗುವಷ್ಟು ಭಯ ಇದೆ ಅಂತೀರಿ, ಹಾಗಾಗಿ ಮಂಪರಿನ ಔಷಧಿ ಬೇಕಾ ಅಂತ ವೈದ್ಯರನ್ನೇ ಕೇಳಿ, ಮೊದಲೇ ತರಿಸಿಡಿ. ಅಂಥ ಔಷಧಿಯನ್ನು ಸದ್ದು ಶುರುವಾಗುವ ಮುಂಚೆ ಕೊಡಬೇಕು. ಹೆದರಿ ಬೆವರಿದ ಮೇಲೆ ಕೊಟ್ಟರೆ ಸರಿಯಾಗಿ ಹಿಡಿಯುವುದಿಲ್ಲ. ಅಶ್ವಗಂಧ ಅಥವಾ ಬೇರೆ ಯಾವುದಾದರೂ ಬೇರು, ಪುಡಿ ಈಗಾಗಲೇ ಕೊಟ್ಟಿದ್ದರೆ ಅದನ್ನೂ ಅವರಿಗೆ ತಿಳಿಸಿ. ಎರಡೂ ಸೇರಿದರೆ ರಕ್ತದೊತ್ತಡ ಕುಸಿಯುವ ಅಪಾಯ ಇರುತ್ತೆ.