ಹಳೆಯ ಪದ್ಮಿನಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಬಹುದೇ?

ತಂದೆಯವರ ಕಾಲದ ಪ್ರೀಮಿಯರ್ ಪದ್ಮಿನಿಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಪಾಯಿಂಟ್ (ಕಿಡಿಗಾಗಿ ಕರೆಂಟನ್ನು ಕಡಿಯುವ ಪುಟ್ಟ ಸ್ವಿಚ್) ಸುಟ್ಟುಹೋಗುತ್ತಿದೆ, ಅದನ್ನು ತೆಗೆಸಿ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದರೆ ಎಂಜಿನ್‌ಗೆ ತೊಂದರೆಯಾದೀತೇ ಎಂದು ಕೇಳಿದ್ದೀರಿ. ಎಂಜಿನ್‌ಗೆ ತೊಂದರೆಯೇನೂ ಆಗುವುದಿಲ್ಲ. ನನ್ನ ಪದ್ಮಿನಿಗೆ ಹಾಕಿಸಿ ಒಂಬತ್ತು ವರ್ಷಗಳಾದವು. ಆದರೆ ಪಾಯಿಂಟ್ ಅಷ್ಟು ಬೇಗ ಏಕೆ ಸುಡುತ್ತಿದೆ ಎಂಬುದನ್ನು ತಿಳಿಯದೆ ಕಿಟ್ (ಪಾಯಿಂಟ್ ಬದಲು ಕೂರುವ ಆಯಸ್ಕಾಂತದ ಬಳೆ, ಸೆನ್ಸರ್ ಮತ್ತು ಕರೆಂಟ್ ಕಡಿಯುವ ಎಲೆಕ್ಟ್ರಾನಿಕ್ ಮಾಡ್ಯೂಲ್) ಕೊಳ್ಳಬೇಡಿ, ಏಕೆಂದರೆ ಪಾಯಿಂಟನ್ನು ಸುಟ್ಟ ದೋಷವೇ ನಾಳೆ ಮಾಡ್ಯೂಲನ್ನೂ ಸುಡಬಹುದು.

1089 ಸಿಸಿಯ ಈ ನಾಲ್ಕು ಸಿಲಿಂಡರ್ ಎಂಜಿನ್ 4000 ಆರ್‌ಪಿಎಂನಲ್ಲಿ ಓಡುವಾಗ ಪಾಯಿಂಟ್ ನಿಮಿಷಕ್ಕೆ 8000 ಸಲ ತೆರೆದು ಮುಚ್ಚುತ್ತದೆ. ಪ್ರತಿ ಸಲವೂ, ಪ್ಲಗ್‌ನ ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್‌ಗೆ ಹೋಗುವ ಕರೆಂಟನ್ನು ಅದೇ ಕಡಿದುಹಾಕಬೇಕು. ಆಗ ಪಾಯಿಂಟ್‌ನಲ್ಲೇ ಹಾರುವ ಕಿಡಿಯನ್ನು ತಡೆಯುವುದು ಕಂಡೆನ್ಸರ್‌ನ ಕೆಲಸವಾದ್ದರಿಂದ, ಪಾಯಿಂಟ್ ಬೇಗ ಸುಟ್ಟರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆಯೇ ಬರಬೇಕು. ಕಂಡೆನ್ಸರ್ ಬದಲಿಸಿದ ಮೇಲೂ ಸುಡುತ್ತಿದ್ದರೆ ಕಾಯಿಲ್ ಪರೀಕ್ಷಿಸಿ. ಪಾಯಿಂಟ್‌ಗೆ ಒಪ್ಪುವ ಕಾಯಿಲ್‌ನ ಪ್ರೈಮರಿ ಸುತ್ತು (ಬ್ಯಾಟರಿಯ ಕರೆಂಟ್ ಹರಿಯುವ ಭಾಗ) ಸುಮಾರು 3 ಓಮ್ ಇರುತ್ತದೆ, ಅಂದರೆ 12 ವೋಲ್ಟ್‌ನಲ್ಲಿ 4 ಆಂಪಿಯರ್ ಎಳೆಯುತ್ತದೆ. ಯಾರಾದರೂ ಕರೆಂಟನ್ನು ಮಿತಿಯಲ್ಲಿಡುವ ಬ್ಯಾಲಸ್ಟ್ ರೆಸಿಸ್ಟರ್ ಇಲ್ಲದೆ 1.5 ಓಮ್‌ನ ಕಾಯಿಲ್ ಕೂರಿಸಿದ್ದರೆ ಅದು 8 ಆಂಪಿಯರ್‌ವರೆಗೆ ಎಳೆಯುತ್ತದೆ. ಅಷ್ಟನ್ನು ಪಾಯಿಂಟ್ ತಾಳುವುದಿಲ್ಲ, 3 ಓಮ್‌ಗೆಂದು ಮಾಡಿದ ಮಾಡ್ಯೂಲೂ ತಾಳುವುದಿಲ್ಲ. ಕಾಯಿಲ್‌ನ ವೈರ್‌ಗಳನ್ನು ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಸರದಿಯಂತೆ ಪ್ಲಗ್‌ಗಳಿಗೆ ಹಂಚುವ ಭಾಗ, ಪಾಯಿಂಟ್ ಇರುವುದೂ ಇದರೊಳಗೇ) ಶಾಫ್ಟ್. ನಾನು ಅದನ್ನು ನೋಡಿಸದೆ ಕಿಟ್ ಹಾಕಿಸಿದ್ದೆ. ಒಂದು ತಿಂಗಳೊಳಗೆ ಚಾರ್ಮಾಡಿ ಘಾಟಿ ಹತ್ತುವಾಗ ಎಂಜಿನ್ ಮಿಸ್ಸಿಂಗ್ ಶುರುವಾಯಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು ಶಾಫ್ಟ್ ತುದಿಯ ರೋಟರ್ ಹಿಡಿದು ಅಲುಗಿಸಿದಾಗ, ಶಾಫ್ಟ್ ಕಣ್ಣಿಗೆ ಕಾಣುವಷ್ಟು ಓಲಾಡುತ್ತಿತ್ತು. ಹೊಸ ಆಯಸ್ಕಾಂತದ ಬಳೆ ಸೆನ್ಸರ್‌ಗೆ ಉಜ್ಜಿ, ಅದರ ಮೈಮೇಲೆ ಉಗುರು ಗೀರಿದಂತೆ ಒಂದು ಬಿಳಿ ಗೆರೆ ಮೂಡಿತ್ತು. ಲೇತ್ ಅಂಗಡಿಯಲ್ಲಿ ಶಾಫ್ಟ್ ಕೂರುವ ಹೊಸ ಬುಷ್ ಮಾಡಿಸಿ ಹಾಕಿದ ಮೇಲೆ ಆ ತೊಂದರೆ ಮರುಕಳಿಸಿಲ್ಲ. ಆದ್ದರಿಂದ ನೀವು ಮೊದಲೇ ರೋಟರನ್ನು ಅಡ್ಡಡ್ಡ ಅಲುಗಿಸಿ ನೋಡಿ. ಬಳಿಕ ಅದು ತಿರುಗುವ ದಿಕ್ಕಿಗೆ ಸ್ವಲ್ಪ ತಿರುಚಿ ಬಿಡಿ. ತಾನಾಗಿ ಹಿಂದಕ್ಕೆ ಬಾರದಿದ್ದರೆ ಎಂಜಿನ್ ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಒಳಗಿನ ಅಡ್ವಾನ್ಸ್ ತೂಕಗಳು ಜಿಡ್ಡುಗಟ್ಟಿವೆ ಅಥವಾ ಸ್ಪ್ರಿಂಗ್ ಹೋಗಿದೆ ಎಂದರ್ಥ, ಮತ್ತು ಅದನ್ನು ಯಾವ ಕಿಟ್ಟೂ ಸರಿಮಾಡಲಾರದು.

ಇವೆಲ್ಲ ಸರಿಯಿದ್ದರೆ ಧಾರಾಳವಾಗಿ ಹಾಕಿಸಿ. ಗಾಡಿಯ ವೇಗ ಹೆಚ್ಚುತ್ತದೆಂದು ನಿರೀಕ್ಷಿಸಬೇಡಿ. ಪಾಯಿಂಟ್‌ನ ಹಿಮ್ಮಡಿ (ತಿರುಗುವ ಶಾಫ್ಟ್‌ಗೆ ಉಜ್ಜುವ ತುದಿ) ಸವೆದಂತೆ ಗ್ಯಾಪ್ ಕಿರಿದಾಗಿ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆ, ಹಿಂದೆ ಸರಿಯುತ್ತಿತ್ತಲ್ಲ, ಆ ಕಾಟ ತಪ್ಪುತ್ತದೆ. ನನಗೆ ಅದೇ ದೊಡ್ಡ ಲಾಭವೆನಿಸಿದೆ. ಕೂರಿಸಿದ ಮೇಲೆ ಟೈಮಿಂಗ್ ಲೈಟ್ ಹಿಡಿದು ಮತ್ತೆ ಟೈಮಿಂಗ್ ಹೊಂದಿಸಲೇಬೇಕು, ಏಕೆಂದರೆ ಸೆನ್ಸರ್ ಕಿಡಿ ಕೊಡುವ ಗಳಿಗೆ ಹಳೆಯ ಪಾಯಿಂಟ್ ತೆರೆಯುತ್ತಿದ್ದ ಗಳಿಗೆಯೇ ಆಗಿರುವುದಿಲ್ಲ. ಬರೀ ತಾಮ್ರದ ಎಳೆಯ ಪ್ಲಗ್ ವೈರ್‌ಗಳಿದ್ದರೆ ರೆಸಿಸ್ಟರ್ ಇರುವ ವೈರ್ ಹಾಕಿಸಿ, ಎಂಜಿನ್‌ನಿಂದ ಗಾಡಿಯ ಲೋಹದ ಮೈಗೆ ಬರುವ ಅರ್ಥ್ ಪಟ್ಟಿಯನ್ನು ಉಜ್ಜಿ ಬಿಗಿಮಾಡಿಸಿ. ಎಂಜಿನ್ ನಿಂತಿರುವಾಗ ಕೀಲಿಯನ್ನು ಆನ್ ಮಾಡಿಟ್ಟು ರೇಡಿಯೋ ಕೇಳುತ್ತ ಕೂರುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಕಾಯಿಲೂ ಮಾಡ್ಯೂಲೂ ಕಾದು ಕೆಡುತ್ತವೆ.

ಬಿಚ್ಚಿದ ಪಾಯಿಂಟ್ ಪ್ಲೇಟನ್ನು ಎಸೆಯಬೇಡಿ. ಒಂದು ಒಳ್ಳೆಯ ಕಂಡೆನ್ಸರ್ ಮತ್ತು ಫೀಲರ್ ಗೇಜ್ ಜೊತೆ ಅದನ್ನು ಡಿಕ್ಕಿಯಲ್ಲಿಡಿ. ಮಾಡ್ಯೂಲ್ ಕೈಕೊಟ್ಟರೆ ಯಾವ ಊರಿನ ಮೆಕ್ಯಾನಿಕ್ಕಾದರೂ ಅದನ್ನು ಮತ್ತೆ ಕೂರಿಸಿ ನಿಮ್ಮನ್ನು ಮನೆ ಸೇರಿಸುತ್ತಾನೆ.