ನಾಲ್ಕನೇ ಎಡ್ವರ್ಡ್–ಎಲಿಜಬೆತ್ ಕಾದಂಬರಿ: ಮೊದಲ ಅಧ್ಯಾಯ ಜಮೀನಿನಿಂದ ಶುರುವಾಗಲಿ

ಓಕ್ ಮರದ ಕೆಳಗೆ ಇಬ್ಬರು ಮಕ್ಕಳ ಕೈ ಹಿಡಿದು ನಿಂತ ವಿಧವೆ, ಬೇಟೆಗೆ ಬಂದ ರಾಜ, ನೋಡಿದ ಕೂಡಲೇ ಪ್ರೇಮ. 15ನೇ ಶತಮಾನದ ಇಂಗ್ಲೆಂಡಿನ ರಾಜ ನಾಲ್ಕನೇ ಎಡ್ವರ್ಡ್ ಮತ್ತು ಅವನ ರಾಣಿಯಾದ ಎಲಿಜಬೆತ್ ಕುರಿತ ನಿಮ್ಮ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಇಷ್ಟೆಲ್ಲ ಇದ್ದರೂ ಅದು ಯಾಕೆ ಸಪ್ಪೆ ಅಂತ ಕೇಳಿದ್ದೀರಿ. ಮರದ ಕಥೆ ಐತಿಹ್ಯ, ಇಟ್ಟುಕೊಳ್ಳಿ. ಆದರೆ ಎಲಿಜಬೆತ್ ವುಡ್‌ವಿಲ್‌ಗೆ ರಾಜನಿಂದ ಏನು ಬೇಕಿತ್ತು ಅನ್ನುವುದೇ ನಿಮ್ಮ ಬರಹದಲ್ಲಿಲ್ಲ.

ಅವಳಿಗೆ ಬೇಕಿದ್ದದ್ದು ಜಮೀನು. ಗಂಡ ಜಾನ್ ಗ್ರೇ 1461ರ ಫೆಬ್ರುವರಿಯಲ್ಲಿ ಸೇಂಟ್ ಆಲ್ಬನ್ಸ್ ಕಾಳಗದಲ್ಲಿ ಸತ್ತ, ಅದೂ ಎಡ್ವರ್ಡ್‌ನ ವೈರಿಗಳಾದ ಲ್ಯಾಂಕಾಸ್ಟರ್ ಪಕ್ಷದಲ್ಲಿ. ಆಮೇಲೆ ಆಸ್ತಿಗಾಗಿ ಅತ್ತೆಯ ಜೊತೆ ವ್ಯಾಜ್ಯ. 1464ರ ಏಪ್ರಿಲ್ 13ರಂದು ಅವಳು ರಾಜನ ಆಪ್ತ ಲಾರ್ಡ್ ಹೇಸ್ಟಿಂಗ್ಸ್ ಜೊತೆ ಕರಾರು ಮಾಡಿಕೊಂಡಳು: ಅವನ ಮನೆತನದ ಹೆಣ್ಣನ್ನು ಮಗನಿಗೆ ತರುವುದು, ಆಸ್ತಿ ಕೈಸೇರಿದರೆ ಆದಾಯದಲ್ಲಿ ಅವನಿಗೂ ಪಾಲು. ರಾಜನ ಜೊತೆ ಮದುವೆ ಆದದ್ದು ಮೇ 1ರಂದು ಎಂಬುದು ರೂಢಿಯ ಮಾತು. ನಡುವೆ ಹದಿನೆಂಟೇ ದಿನ! ಮದುವೆಯ ಸುಳಿವಿದ್ದವಳು ಅಂಥ ಕರಾರಿಗೆ ಒಪ್ಪುತ್ತಿದ್ದಳೇ? ಸುಳಿವೇ ಇರಲಿಲ್ಲವೋ, ರಾಜನ ಮಾತಿನ ಮೇಲೆ ನಂಬಿಕೆ ಇರಲಿಲ್ಲವೋ, ಇದನ್ನು ಮೊದಲು ತೀರ್ಮಾನಿಸಿ. ಇಡೀ ಪ್ರೇಮದ ಬಣ್ಣ ಅದರ ಮೇಲೆ ನಿಂತಿದೆ.

ದಯವಿಟ್ಟು ನಮ್ಮ ಕಡೆಯ ವೈಧವ್ಯದ ಕಳಂಕವನ್ನು ಅಲ್ಲಿಗೆ ಒಯ್ಯಬೇಡಿ. ಅಲ್ಲಿ ಮರುಮದುವೆ ಮಾಮೂಲು. ಅವಳ ತಾಯಿ ಜಾಕೆಟ್ಟಾ ಬೆಡ್‌ಫರ್ಡ್ ಡ್ಯೂಕ್‌ನ ವಿಧವೆಯಾಗಿದ್ದಾಗ ಸಾಮಾನ್ಯ ನೈಟ್ (ಕೆಳದರ್ಜೆಯ ಕುಲೀನ ಯೋಧ) ಒಬ್ಬನನ್ನು ಗುಟ್ಟಾಗಿ ಮದುವೆಯಾಗಿ 1,000 ಪೌಂಡ್ ದಂಡ ತೆತ್ತವಳು. ಎಲಿಜಬೆತ್ ವಿಷಯದಲ್ಲಿ ಜನ ಬೆಚ್ಚಿದ್ದು ಅಂತಸ್ತಿಗೆ, ಗುಟ್ಟಿಗೆ. ಆ ತಾಯಿಗೆ ಒಂದು ಇಡೀ ದೃಶ್ಯ ಕೊಡಿ.

ಮದುವೆಗೆ ನೂರಾರು ಜನ ಸೇರಿಸಿದ್ದೀರಿ, ಅದು ತಪ್ಪು. ಹಳೆಯ ಇತಿಹಾಸ ವೃತ್ತಾಂತವೊಂದರ ಪ್ರಕಾರ ವಧೂವರರ ಜೊತೆ ಇದ್ದವರು ವಧುವಿನ ತಾಯಿ, ಪಾದ್ರಿ, ಇಬ್ಬರು ಹೆಂಗಸರು, ಪಾದ್ರಿಯ ಜೊತೆ ಹಾಡಲು ಒಬ್ಬ ಹುಡುಗ. ರಾಜ ಬೇಟೆಯ ನೆಪ ಹೇಳಿ ಸ್ಟೋನಿ ಸ್ಟ್ರಾಟ್‌ಫರ್ಡ್‌ನಿಂದ ಸುಮಾರು 8 ಕಿ.ಮೀ. ದೂರದ, ಎಲಿಜಬೆತ್‌ಳ ತವರಾದ ಗ್ರಾಫ್ಟನ್‌ಗೆ ಬೆಳಗ್ಗೆ ಬಂದ, ಮದುವೆ ಮುಗಿಸಿ ಮರಳಿದ. ಗುಟ್ಟು ಹೊರಬಿದ್ದದ್ದು ಸೆಪ್ಟೆಂಬರ್‌ನಲ್ಲಿ, ರೆಡಿಂಗ್‌ನಲ್ಲಿ. ಅಲ್ಲಿಯವರೆಗೆ ಎಡ್ವರ್ಡ್‌ನ ಪ್ರಬಲ ಬೆಂಬಲಿಗ ವಾರಿಕ್ ಪ್ರಭು ಅವನಿಗೆ ಹೆಂಡತಿಯಾಗಿ ಫ್ರೆಂಚ್ ರಾಜನ ನಾದಿನಿಯನ್ನು ತರುವ ಮಾತುಕತೆಯಲ್ಲಿದ್ದ. ಕಾದಂಬರಿಯ ನಡುಭಾಗಕ್ಕೆ ಆ ನಾಲ್ಕು ತಿಂಗಳೇ ಸಾಕು.

ಸಂಭಾಷಣೆಯಲ್ಲಿ ಎಲಿಜಬೆತ್ ಮೊದಲ ಪುಟದಿಂದಲೇ ರಾಜನನ್ನು ‘ನೀನು’ ಅನ್ನುತ್ತಾಳೆ. ಆ ಕಾಲದ ಇಂಗ್ಲಿಷಿನಲ್ಲೂ ನೀನು–ನೀವು ಭೇದ ಇತ್ತು. ಇವತ್ತಿನ ಇಂಗ್ಲಿಷಿಗೆ ಸಿಗದ ಈ ಅನುಕೂಲ ಕನ್ನಡಕ್ಕೆ ಇದೆ. ಮದುವೆಯವರೆಗೆ ‘ನೀವು’ ಇರಲಿ, ಆಮೇಲೆ ಒಂದೇ ಕಡೆ ‘ನೀನು’ ಬರಲಿ.

ಔತಣದ ಪುಟದಿಂದ ಆಲೂಗಡ್ಡೆ, ಟೊಮೆಟೊ ತೆಗೆದುಬಿಡಿ, ಅವು ಯುರೋಪಿಗೆ ಬಂದದ್ದು 16ನೇ ಶತಮಾನದಲ್ಲಿ.