ಸಹಿ ಹಾಕಿ ಬಂದರೆ ಸಂಕ ಆಗುತ್ತದಾ?

ಕೇರಳದ ಮಂಜೇಶ್ವರ ತಾಲೂಕಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ತೋಡಿಗೆ (ಹಳ್ಳಕ್ಕೆ) ಕಾಲುಸಂಕ, ಅಂದರೆ ನಡೆದು ದಾಟುವ ಕಿರುಸೇತುವೆ ಬೇಕೆಂದು ಮೂರು ವರ್ಷದಿಂದ ಗ್ರಾಮಸಭೆಯಲ್ಲಿ ಹೇಳುತ್ತಿದ್ದೇನೆ. ನೋಟಿಸು ಮಲಯಾಳ, ಭಾಷಣ ಮಲಯಾಳ. ಮಕ್ಕಳು ಈಗಲೂ ಎರಡು ಅಡಿಕೆ ಮರದ ಮೇಲೆ ದಾಟುತ್ತಾರೆ. ಇನ್ನು ಸಭೆಗೆ ಹೋಗುವುದಿಲ್ಲ."

ಸಿಟ್ಟು ನ್ಯಾಯವಾದದ್ದೇ. ಆದರೂ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡಿ. ಮೂರು ವರ್ಷ ಹೇಳಿದಿರಿ ಸರಿ, ಅದನ್ನು ಒಮ್ಮೆಯಾದರೂ ನಡಾವಳಿ ಪುಸ್ತಕದಲ್ಲಿ ಬರೆಸಿದಿರಾ?

ನಾನೂ ಇದೇ ತಪ್ಪು ಮಾಡಿದವನು. ನಮ್ಮ ವಾರ್ಡಿನ ಸಭೆ ಶಾಲೆಯ ಹಾಲಿನಲ್ಲಿ. ಬಾಗಿಲಲ್ಲೇ ಹಾಜರಿ ಪುಸ್ತಕ, ಹೋದ ಕೂಡಲೇ ಸಹಿ. ಆಮೇಲೆ ಚಾ, ಬಿಸ್ಕೆಟು, ನಾಲ್ಕು ಮಾತು. ಬೀದಿದೀಪದ ಬಗ್ಗೆ ನಾನು ಜೋರಾಗಿಯೇ ಮಾತಾಡಿದ್ದೆ, ಎಲ್ಲರೂ ತಲೆ ಆಡಿಸಿದ್ದರು. ಕೆಲವು ತಿಂಗಳ ನಂತರ ನಡಾವಳಿ ನೋಡಿದರೆ ದೀಪದ ಸುದ್ದಿಯೇ ಇಲ್ಲ! ನನ್ನ ಸಹಿ ಮಾತ್ರ ಚೆಂದಕ್ಕೆ ಇತ್ತು.

ಆ ಸಹಿ ಬೇಕಾಗಿರುವುದು ಕೋರಂಗೆ. ವಾರ್ಡಿನ ಮತದಾರರಲ್ಲಿ ನೂರಕ್ಕೆ ಹತ್ತು ಮಂದಿ ಇದ್ದರೆ ಸಭೆ ಆದ ಹಾಗೆ. 1,200 ಮತದಾರರಿದ್ದರೆ 120 ಸಹಿ. ನೀವು ಸಹಿ ಹಾಕಿ ಹೊರಟರೆ ಕೋರಂ ಆಗುತ್ತದೆ, ಸಂಕ ಆಗುವುದಿಲ್ಲ.

ಕರ್ನಾಟಕದ ವಿಟ್ಲ, ಪುತ್ತೂರಿನ ನೆಂಟರು ಹೇಳುವ ಗ್ರಾಮಸಭೆಯೇ ಬೇರೆ, ನಮ್ಮದೇ ಬೇರೆ. ಅಲ್ಲಿ ವಾರ್ಡಿಗೆ ವಾರ್ಡುಸಭೆ, ಅದರ ಮೇಲೆ ಗ್ರಾಮಸಭೆ. ಕೇರಳದಲ್ಲಿ 1994ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಒಂದೊಂದು ವಾರ್ಡೂ ಒಂದೊಂದು ಗ್ರಾಮಸಭೆ. ಮೂರು ತಿಂಗಳಿಗೊಮ್ಮೆಯಾದರೂ ಕರೆಯಲೇಬೇಕು. ಕರೆಯಬೇಕಾದದ್ದು ವಾರ್ಡ್ ಮೆಂಬರು. ಸತತ ಎರಡು ಸಲ ಕರೆಯದೆ ಬಿಟ್ಟರೆ ಅವರ ಸ್ಥಾನಕ್ಕೇ ಕುತ್ತು. ಪಂಚಾಯತಿನಿಂದ ಸಿಗುವ ಮನೆ, ಆಡು, ಕೋಳಿ ಯಾರಿಗೆ ಮೊದಲು ಎಂಬ ಪಟ್ಟಿ ಅಲ್ಲೇ ಆಗುತ್ತದೆ. ನಿಮ್ಮ ಸಂಕದಂಥ ಬೇಡಿಕೆ ಅಲ್ಲಿಂದ ವಿಕಸನ ಸೆಮಿನಾರಿಗೆ (ಪಂಚಾಯತಿನ ಅಭಿವೃದ್ಧಿ ಚರ್ಚಾಸಭೆಗೆ), ಪಂಚಾಯತು ಕಮಿಟಿಗೆ, ಕಡೆಗೆ ಜಿಲ್ಲಾ ಯೋಜನಾ ಸಮಿತಿಗೆ ಹೋಗಬೇಕು. ಮೊದಲ ಮೆಟ್ಟಿಲಲ್ಲೇ ಬರೆಯದಿದ್ದರೆ ಮೇಲೆ ಕೇಳುವವರು ಯಾರು?

ಭಾಷೆಯ ವಿಷಯ. ನಿಮ್ಮಂತೆ ನಾನೂ ನೋಟಿಸು ಹಿಡಿದು ಕೂತವನೇ. "ಅಪೇಕ್ಷ ಸಮರ್ಪಿಕ್ಕೇಂಡ ಅವಸಾನ ತೀಯತಿ" ಎಂದು ಒಬ್ಬರು ಗಟ್ಟಿಯಾಗಿ ಓದಿದರು. ಪಕ್ಕದಲ್ಲಿದ್ದ ಅಜ್ಜಿ, "ನನಗೆ ಅಪೇಕ್ಷೆ ಏನೂ ಉಳಿದಿಲ್ಲ, ಅವಸಾನದ ತಾರೀಕು ಗೊತ್ತಾದರೆ ಸಾಕು" ಎಂದರು. ಹಾಲಿಡೀ ನಗು. ಅಲ್ಲಿ ಅಪೇಕ್ಷ ಎಂದರೆ ಅರ್ಜಿ, ಅವಸಾನ ಎಂದರೆ ಕೊನೆ. ಅಜ್ಜಿಯ ಪಿಂಚಣಿ ಅರ್ಜಿಗೆ ಅವತ್ತೇ ಕೊನೆಯ ದಿನ ಎಂದು ತಿಳಿದ ಮೇಲೆ ಯಾರೂ ನಗಲಿಲ್ಲ.

ನೋಟಿಸು ಕನ್ನಡದಲ್ಲೂ ಬರಲಿ ಎಂದು ಕೇಳುವುದು ಹೆಚ್ಚಾಯಿತು ಎನ್ನುವವರ ಮಾತಿಗೆ ಕಿವಿ ಕೊಡಬೇಡಿ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಎನ್ನುತ್ತದೆ ಸಂವಿಧಾನದ 350ನೇ ವಿಧಿ. ಕೇರಳದ್ದೇ 1969ರ ಭಾಷಾ ಕಾಯ್ದೆ ಇನ್ನೂ ಮುಂದೆ ಹೋಗಿದೆ. ನಮ್ಮ ಭಾಗದ ಸರ್ಕಾರಿ ಕಚೇರಿಗೆ ಕನ್ನಡಿಗರು ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಆದರೆ ಭಾಷೆಯ ಜಗಳ ಮುಗಿಯುವ ತನಕ ಸಂಕ ಕಾಯಬೇಕಾ? ಎರಡೂ ಜೊತೆಗೇ ನಡೆಯಲಿ.

ಹಾಗಾಗಿ ಮುಂದಿನ ಸಭೆಗೆ ಸುಮ್ನೆ ಹೋಗಬೇಡಿ. ತೋಡಿನ ಅಗಲ ಅಳೆಯಿರಿ. ಮಳೆಗಾಲದಲ್ಲಿ ನೀರು ಎಲ್ಲಿವರೆಗೆ ಏರುತ್ತದೆ, ಎಷ್ಟು ಮಕ್ಕಳು ದಾಟುತ್ತಾರೆ, ಎರಡು ಬದಿಯ ಜಾಗ ಯಾರದ್ದು, ಬಿಟ್ಟುಕೊಡುತ್ತಾರಾ ಎಂದು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ. ಈ ಜಾಗದ ಪ್ರಶ್ನೆಯಲ್ಲೇ ಜಾಸ್ತಿ ಸಂಕಗಳು ಮುಳುಗುವುದು. ಅಕ್ಕಪಕ್ಕದ ಮನೆಯವರ ಸಹಿಯೂ ಇರಲಿ. ಒಂದು ಪ್ರತಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಹಾಕಿಸಿ. ಸಭೆ ಮುಗಿಯುವಾಗ ನಡಾವಳಿ ಓದಿ ಹೇಳಲು ಕೇಳಿ. ಚಾ ಆಮೇಲೆ ಕುಡಿದರಾಯಿತು.